ದಣಿವೋ, ಬೇಸರವೋ? ಉದ್ಯೋಗದ ಮೊದಲ ವರ್ಷಗಳಲ್ಲಿರುವವರಿಗೆ ಮಾರ್ಗದರ್ಶಿ

ಕೆಲಸಕ್ಕೆ ಸೇರಿ ಎರಡು ಮೂರು ವರ್ಷ ಕಳೆದವರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು: ‘ಈ ಕೆಲಸ ಬಿಡಲಾ, ಇಲ್ಲ ಹೇಗೋ ಸಹಿಸಿಕೊಂಡು ಹೋಗಲಾ?’ ಪ್ರಶ್ನೆ ಒಂದೇ ಆದರೂ ಕೇಳುವವರ ಪರಿಸ್ಥಿತಿ ಒಂದೇ ಅಲ್ಲ. ಒಬ್ಬರಿಗೆ ಕೆಲಸ ಇಷ್ಟ, ಆದರೆ ರಾತ್ರಿ ಹನ್ನೊಂದಕ್ಕೂ ಆಫೀಸಿನ ಮೆಸೇಜು ಬರುತ್ತಿರುತ್ತದೆ. ಇನ್ನೊಬ್ಬರು ಹೊತ್ತಿಗೆ ಸರಿಯಾಗಿ ಮನೆ ಸೇರುತ್ತಾರೆ, ಸಂಬಳವೂ ಪರವಾಗಿಲ್ಲ, ಆದರೂ ವಾರದ ರಜೆ ಮುಗಿಯುತ್ತಾ ಬಂದಂತೆ ಎದೆ ಭಾರವಾಗುತ್ತದೆ. ಸುತ್ತಲಿನವರು ಇಬ್ಬರಿಗೂ ಕೊಡುವ ಸಲಹೆ ‘ನಾಲ್ಕು ದಿನ ರಜೆ ಹಾಕಿ ಎಲ್ಲಾದರೂ ಸುತ್ತಾಡಿ ಬಾ’ ಎಂಬುದೇ. ಮೊದಲನೆಯವರಿಗೆ ಅದರಿಂದ ಕೊಂಚ ಅನುಕೂಲವಾದೀತು. ಎರಡನೆಯವರು ಹೋದ ಹಾಗೇ ವಾಪಸು ಬರುತ್ತಾರೆ.

ಮೊದಲನೆಯವರದು ದಣಿವು, ಎರಡನೆಯವರದು ಬೇಸರ. ಕೆಲಸ ಮತ್ತು ಬದುಕಿನ ಸಮತೋಲನ ತಪ್ಪಿದರೆ ದಣಿವು. ಉದ್ಯೋಗ ತೃಪ್ತಿ, ಅಂದರೆ ಮಾಡುವ ಕೆಲಸದಲ್ಲೇ ಸಿಗಬೇಕಾದ ಸಮಾಧಾನ, ಸಿಗದಿದ್ದರೆ ಬೇಸರ. ಒಂದರ ಮದ್ದು ಇನ್ನೊಂದಕ್ಕೆ ನಾಟುವುದಿಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞ ಫ್ರೆಡರಿಕ್ ಹರ್ಜ್‌ಬರ್ಗ್ ಮತ್ತು ಸಂಗಡಿಗರು ಎಂಜಿನಿಯರುಗಳನ್ನೂ ಅಕೌಂಟೆಂಟರನ್ನೂ ಮಾತನಾಡಿಸಿ 1959ರಲ್ಲೇ ಇಂಥದೊಂದು ಮಾತು ಹೇಳಿದ್ದರು. ಸಂಬಳ, ಮೇಲಧಿಕಾರಿಯ ನಡವಳಿಕೆ, ಕಂಪನಿಯ ನಿಯಮಗಳು ಕೆಟ್ಟದಾಗಿದ್ದರೆ ಜನ ಅತೃಪ್ತರಾಗುತ್ತಾರೆ. ಆದರೆ ಅವು ಸರಿಯಾದ ಮಾತ್ರಕ್ಕೆ ತೃಪ್ತಿ ಹುಟ್ಟುವುದಿಲ್ಲ. ತೃಪ್ತಿ ಬರುವುದು ಸಾಧನೆ, ಮನ್ನಣೆ, ಹೊಣೆಗಾರಿಕೆ, ಬೆಳವಣಿಗೆಗಳಿಂದ. ಈ ಗೆರೆ ಅಷ್ಟು ಖಚಿತವಲ್ಲ ಎಂದು ನಂತರದವರು ಟೀಕಿಸಿದ್ದಾರೆ, ಆ ಟೀಕೆಯಲ್ಲಿ ಹುರುಳೂ ಇದೆ. ಆದರೂ ‘ಎಲ್ಲಾ ಸರಿಯಿದೆ, ಆದರೂ ಖುಷಿ ಇಲ್ಲ, ನನ್ನಲ್ಲೇ ಏನೋ ಐಬಿದೆ’ ಎಂದು ಕೊರಗುವವರಿಗೆ ಇದನ್ನು ಮೊದಲು ಹೇಳಬೇಕು: ನಿಮ್ಮಲ್ಲಿ ಐಬಿಲ್ಲ. ನೀವು ತಪ್ಪು ಪ್ರಶ್ನೆಗೆ ಉತ್ತರ ಹುಡುಕುತ್ತಿದ್ದೀರಿ, ಅಷ್ಟೇ.

ಈ ಲೇಖನದ ಹಂತಗಳನ್ನು ಮುಗಿಸಲು ಸುಮಾರು ನಾಲ್ಕು ತಿಂಗಳು ಬೇಕು. ಅವಸರವಾಗಿ ಮಾಡುವಂಥದಲ್ಲ.

ಶುರು ಮಾಡುವ ಮುನ್ನ ಬೇಕಾದದ್ದು

ಒಂದು ನೋಟ್‌ಬುಕ್ಕು. ಆಫೀಸಿನ ಲ್ಯಾಪ್‌ಟಾಪಿನಲ್ಲಿ ಬರೆಯಬೇಡಿ. ಅದರಲ್ಲಿರುವುದನ್ನು ಸಂಸ್ಥೆ ನೋಡಬಹುದು. ನಿಮ್ಮ ನೇಮಕಾತಿ ಪತ್ರ ಮತ್ತು ರಜೆಯ ನಿಯಮಗಳು. ನೇಮಕಾತಿ ಪತ್ರವನ್ನು ಸಹಿ ಹಾಕಿದ ದಿನ ಬಿಟ್ಟರೆ ಮತ್ತೆ ತೆರೆದು ನೋಡದವರೇ ಹೆಚ್ಚು. ಕೆಲಸದ ಅವಧಿ, ಹೆಚ್ಚುವರಿ ಕೆಲಸಕ್ಕೆ ಏನು ಕೊಡುತ್ತಾರೆ, ನೋಟಿಸ್ ಅವಧಿ (ರಾಜೀನಾಮೆ ಕೊಟ್ಟ ಮೇಲೂ ಕೆಲಸ ಮಾಡಬೇಕಾದ ದಿನಗಳು) ಎಷ್ಟು ಎಂಬ ಮೂರನ್ನು ಗುರುತು ಹಾಕಿಕೊಳ್ಳಿ. ಇವುಗಳ ಜೊತೆಗೆ ನಿಮ್ಮ ಕ್ಷೇತ್ರದಲ್ಲೇ ಇದ್ದು, ನಿಮ್ಮ ಟೀಮಿನಲ್ಲಿ ಇಲ್ಲದ ಒಬ್ಬ ಹಿರಿಯರು ಇದ್ದರೆ ಒಳ್ಳೆಯದು. ನೀವು ಅನುಭವಿಸುತ್ತಿರುವುದು ಆ ವೃತ್ತಿಯಲ್ಲೇ ಇರುವ ಕಷ್ಟವೋ, ನಿಮ್ಮ ಆಫೀಸಿನದು ಮಾತ್ರವೋ ಎಂದು ಅವರಷ್ಟು ಚೆನ್ನಾಗಿ ಬೇರೆಯವರು ಹೇಳಲಾರರು.

ಹಂತ 1: ಎರಡು ವಾರ ಲೆಕ್ಕ ಬರೆಯಿರಿ

ದಿನಕ್ಕೆ ಹತ್ತು ನಿಮಿಷ ಸಾಕು. ಪುಟದಲ್ಲಿ ನಾಲ್ಕು ಅಂಕಣ ಎಳೆಯಿರಿ. ಮೊದಲನೆಯದರಲ್ಲಿ ಏನು ಮಾಡಿದಿರಿ, ಎರಡನೆಯದರಲ್ಲಿ ಎಷ್ಟು ಹೊತ್ತು, ಮೂರನೆಯದರಲ್ಲಿ ಅದು ಮುಗಿದಾಗ ಹುರುಪು ಏರಿತೋ ಇಳಿಯಿತೋ ಹಾಗೇ ಇತ್ತೋ, ನಾಲ್ಕನೆಯದರಲ್ಲಿ ಅದನ್ನು ಯಾವಾಗ ಮತ್ತು ಹೇಗೆ ಮಾಡಬೇಕೆಂದು ತೀರ್ಮಾನಿಸಿದ್ದು ಯಾರು. ಊಟದ ನಡುವೆ ಉತ್ತರಿಸಿದ ಮೆಸೇಜು, ಮಲಗುವ ಮುನ್ನ ನೋಡಿದ ಇಮೇಲ್ ಎಲ್ಲವೂ ಲೆಕ್ಕಕ್ಕೆ ಬರಬೇಕು. ಓಡಾಟದ ಸಮಯವನ್ನು ಬೇರೆಯಾಗಿ ಬರೆಯಿರಿ. ಅದು ಕೆಲಸವಲ್ಲ, ಆದರೆ ನಿಮ್ಮ ದಿನದಿಂದಲೇ ಹೋಗುತ್ತದೆ.

ಇಲ್ಲಿ ಎಡವುವುದು ಮೂರು ಕಡೆ. ವಾರದ ಕೊನೆಗೆ ನೆನಪಿನಿಂದ ಒಟ್ಟಿಗೇ ಬರೆದರೆ ಕೆಟ್ಟ ದಿನಗಳು ಮಾತ್ರ ನೆನಪಿಗೆ ಬರುತ್ತವೆ. ಪ್ರಾಜೆಕ್ಟ್ ಮುಗಿಸುವ ಗಡಿಬಿಡಿಯ ವಾರವನ್ನೇ ಆರಿಸಿಕೊಂಡರೆ ಚಿತ್ರ ಇರುವುದಕ್ಕಿಂತ ಕಪ್ಪಾಗುತ್ತದೆ. ಇನ್ನು, ಎರಡನೆಯ ಅಂಕಣವನ್ನು ತುಂಬಿ ಮೂರನೆಯದನ್ನೂ ನಾಲ್ಕನೆಯದನ್ನೂ ಖಾಲಿ ಬಿಡುವವರು ಬಹಳ. ಬರೀ ಗಂಟೆಗಳ ಲೆಕ್ಕದಿಂದ ಅರ್ಧ ವಿಷಯ ಮಾತ್ರ ತಿಳಿಯುತ್ತದೆ.

ಎರಡು ವಾರ ಮುಗಿದ ಮೇಲೆ ಗಂಟೆಗಳನ್ನು ಕೂಡಿ, ಎರಡರಿಂದ ಭಾಗಿಸಿ ವಾರದ ಲೆಕ್ಕ ತೆಗೆಯಿರಿ. ಹೋಲಿಸಿ ನೋಡಲು ಎರಡು ಅಳತೆಗಳು ಉಪಯೋಗಕ್ಕೆ ಬರುತ್ತವೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1919ರಲ್ಲಿ ಅಂಗೀಕರಿಸಿದ ಮೊತ್ತಮೊದಲ ಒಪ್ಪಂದವೇ ಕೈಗಾರಿಕೆಗಳಲ್ಲಿ ಕೆಲಸವನ್ನು ದಿನಕ್ಕೆ 8, ವಾರಕ್ಕೆ 48 ಗಂಟೆಗೆ ಮಿತಿಗೊಳಿಸಿತು. ಇನ್ನೊಂದು ಅಳತೆ ಆರೋಗ್ಯದ್ದು. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಕಾರ್ಮಿಕ ಸಂಸ್ಥೆ ಸೇರಿ 2021ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ವಾರಕ್ಕೆ 35ರಿಂದ 40 ಗಂಟೆ ದುಡಿಯುವವರಿಗಿಂತ 55 ಗಂಟೆ ಅಥವಾ ಅದಕ್ಕಿಂತ ಹೆಚ್ಚು ದುಡಿಯುವವರಿಗೆ ಪಾರ್ಶ್ವವಾಯುವಿನ ಅಪಾಯ ಸುಮಾರು ಶೇ 35ರಷ್ಟು ಹೆಚ್ಚು. ಹೃದಯಕ್ಕೆ ರಕ್ತ ಸಾಲದೆ ಬರುವ ಕಾಯಿಲೆಯಿಂದ ಸಾಯುವ ಅಪಾಯ ಸುಮಾರು ಶೇ 17ರಷ್ಟು ಹೆಚ್ಚು. ಒಂದು ವಾರ ಜಾಸ್ತಿ ದುಡಿದ ತಕ್ಷಣ ಏನೂ ಆಗುವುದಿಲ್ಲ. ವರ್ಷಗಟ್ಟಲೆ ಹಾಗೇ ಮುಂದುವರಿದರೆ ಎಂಬುದು ಇದರ ಅರ್ಥ. ಆದರೆ ಇಪ್ಪತ್ತೈದನೇ ವಯಸ್ಸಿನಲ್ಲಿ ರೂಢಿಯಾದದ್ದು ಮೂವತ್ತೈದರಲ್ಲಿ ತಾನಾಗಿ ಬಿಟ್ಟು ಹೋಗುವುದಿಲ್ಲ. ನಿಮ್ಮ ವಾರದ ಲೆಕ್ಕ 55ರ ಆಸುಪಾಸಿನಲ್ಲಿದ್ದರೆ ಬೇರೆ ವಿಶ್ಲೇಷಣೆಗೆ ಹೋಗುವ ಮೊದಲು ಆ ಸಂಖ್ಯೆಯನ್ನು ಇಳಿಸುವ ಕೆಲಸ ಮಾಡಿ.

ಹಂತ 2: ಲೆಕ್ಕವನ್ನು ಓದಿ, ಗುರುತಿಸಿ

ಮೂರನೆಯ ಅಂಕಣವನ್ನು ನೋಡಿ. ಬೆಳಗ್ಗೆ ‘ಏರಿತು’, ಸಂಜೆಯ ಹೊತ್ತಿಗೆ ‘ಇಳಿಯಿತು’, ವಾರದ ಮೊದಲರ್ಧ ಪರವಾಗಿಲ್ಲ, ಕೊನೆಗೆ ಎಲ್ಲವೂ ‘ಇಳಿಯಿತು’ ಎಂದಿದ್ದರೆ ಅದು ದಣಿವಿನ ಗುರುತು. ನಾಲ್ಕು ದಿನ ಚೆನ್ನಾಗಿ ನಿದ್ದೆ ಮಾಡಿದಾಗ ಕೆಲಸದ ಮೇಲಿನ ಆಸಕ್ತಿ ಮರಳಿ ಬಂದರೆ ಅನುಮಾನವೇ ಬೇಡ. ಕೆಲಸದ ಗಂಟೆ ಕಡಿಮೆಯಿದ್ದರೂ, ನಿದ್ದೆ ಸಾಕಷ್ಟಾಗಿದ್ದರೂ ಬೆಳಗಿನಿಂದಲೇ ‘ಇಳಿಯಿತು’ ಎಂದು ಬರೆದಿದ್ದೀರಾದರೆ ಅದು ಬೇಸರ.

ನಾಲ್ಕನೆಯ ಅಂಕಣ ಇನ್ನೊಂದು ಸಂಗತಿ ತೋರಿಸುತ್ತದೆ. ರಾಬರ್ಟ್ ಕರಾಸೆಕ್ ಎಂಬ ಸಂಶೋಧಕರು 1979ರಲ್ಲಿ ಮಂಡಿಸಿದ ಪ್ರಕಾರ, ಕೆಲಸದ ಒತ್ತಡವೊಂದೇ ಮನುಷ್ಯನನ್ನು ಹಣ್ಣುಮಾಡುವುದಿಲ್ಲ. ಒತ್ತಡ ಹೆಚ್ಚಿದ್ದು ಅದನ್ನು ಹೇಗೆ ನಿಭಾಯಿಸಬೇಕೆಂಬ ತೀರ್ಮಾನ ತನ್ನ ಕೈಯಲ್ಲಿ ಇಲ್ಲದಿರುವುದು ಹಣ್ಣುಮಾಡುತ್ತದೆ. ಕಿರಿಯ ಉದ್ಯೋಗಿಗಳು ಬೇಗ ಸೋಲುವುದಕ್ಕೆ ಇದೊಂದು ದೊಡ್ಡ ಕಾರಣ ಎಂದು ನನ್ನ ಅಭಿಪ್ರಾಯ. ಹಿರಿಯರೂ ಅಷ್ಟೇ ಗಂಟೆ ದುಡಿಯುತ್ತಿರಬಹುದು, ಆದರೆ ಯಾವ ಮೀಟಿಂಗು ಎಷ್ಟು ಹೊತ್ತಿಗೆ ಎಂದು ತೀರ್ಮಾನಿಸುವವರು ಅವರು. ‘ನಾವೂ ನಿಮ್ಮ ವಯಸ್ಸಿನಲ್ಲಿ ಹೀಗೇ ದುಡಿದಿದ್ದೆವು’ ಎನ್ನುವವರಿಗೆ ಈ ವ್ಯತ್ಯಾಸ ಕಾಣುವುದಿಲ್ಲ. ನಿಮ್ಮ ನಾಲ್ಕನೆಯ ಅಂಕಣದಲ್ಲಿ ‘ನಾನು’ ಎಂಬ ಉತ್ತರ ಬಹುತೇಕ ಇಲ್ಲವೇ ಇಲ್ಲ ಎಂದಾದರೆ ಹಂತ 4 ನಿಮಗೆ ಎಲ್ಲಕ್ಕಿಂತ ಮುಖ್ಯ.

ಬರ್ನ್‌ಔಟ್ ಎಂಬ ಮಾತನ್ನು ಇತ್ತೀಚೆಗೆ ಎಲ್ಲದಕ್ಕೂ ಬಳಸುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಅಂಗೀಕರಿಸಿದ ರೋಗ ವರ್ಗೀಕರಣದಲ್ಲಿ (ಐಸಿಡಿ-11) ಅದಕ್ಕೆ ಮೂರು ಗುರುತುಗಳಿವೆ: ಶಕ್ತಿಯೆಲ್ಲ ಬತ್ತಿಹೋದ ಭಾವ, ಕೆಲಸದಿಂದ ಮನಸ್ಸು ದೂರವಾಗುವುದು ಅಥವಾ ಅದರ ಬಗ್ಗೆ ಸಿನಿಕತನ ಮೂಡುವುದು, ಮಾಡುವ ಕೆಲಸದ ದಕ್ಷತೆ ಕುಂದುವುದು. ಬಹುಕಾಲ ನಿಭಾಯಿಸಲಾಗದೆ ಉಳಿದ ಕೆಲಸದ ಒತ್ತಡದಿಂದ ಬರುವ ಸ್ಥಿತಿ ಇದು ಎಂದು ಸಂಸ್ಥೆ ಹೇಳುತ್ತದೆ, ರೋಗ ಎಂದಲ್ಲ. ಅಂದರೆ ಮೂಲ ಕೆಲಸದ ಜಾಗದಲ್ಲಿದೆ. ಹಾಗಾಗಿ ಧ್ಯಾನದ ಆ್ಯಪ್ ಹಾಕಿಕೊಂಡು ಕೆಲಸದ ಹೊರೆಯನ್ನು ಹಾಗೇ ಉಳಿಸಿಕೊಂಡರೆ ಅದು ವಾಸಿಯಾಗುವುದಿಲ್ಲ.

ಎಚ್ಚರಿಕೆ: ಬೇಸರ ಕೆಲಸಕ್ಕಷ್ಟೇ ಸೀಮಿತವಾಗಿಲ್ಲದೆ, ಹಿಂದೆ ಖುಷಿ ಕೊಡುತ್ತಿದ್ದ ಯಾವುದೂ ರುಚಿಸದೆ, ನಿದ್ದೆ ಹಸಿವು ಏರುಪೇರಾಗಿ ಎರಡು ವಾರಕ್ಕಿಂತ ಹೆಚ್ಚು ಉಳಿದರೆ ಅದು ಖಿನ್ನತೆ ಇರಬಹುದು. ಬದುಕಿರುವುದೇ ಬೇಡ ಎಂಬ ಯೋಚನೆ ಒಮ್ಮೆ ಬಂದರೂ ಸಾಕು, ಈ ಲೇಖನವನ್ನು ಪಕ್ಕಕ್ಕಿಟ್ಟು ಹತ್ತಿರದವರೊಬ್ಬರಿಗೆ ಹೇಳಿ, ಅಂದೇ ವೈದ್ಯರನ್ನು ಕಾಣಿ. ನೋಟ್‌ಬುಕ್ಕು, ಅಂಕಣ ಎಲ್ಲ ಆಮೇಲೆ.

ಹಂತ 3: ಕೆಲಸದ ದಿನಕ್ಕೆ ಬಾಗಿಲು ಹಾಕಿ

ದಣಿವು ಎಂದು ಗುರುತಿಸಿದವರಿಗೆ ಈ ಹಂತ. ಬೇಸರ ಮಾತ್ರ ಇರುವವರು ಹಂತ 5ಕ್ಕೆ ಹೋಗಬಹುದು.

ಜರ್ಮನಿಯ ಮನಶ್ಶಾಸ್ತ್ರಜ್ಞೆ ಸಬೀನ ಸೊನೆನ್‌ಟಾಗ್ ಬಹಳ ವರ್ಷ ಅಧ್ಯಯನ ಮಾಡಿದ ಸಂಗತಿ ಒಂದಿದೆ: ಆಫೀಸಿನಿಂದ ದೇಹ ಹೊರಬಂದರೆ ಸಾಲದು, ಮನಸ್ಸೂ ಹೊರಬರಬೇಕು. ಇದನ್ನು ಮಾನಸಿಕ ಬಿಡುಗಡೆ ಎನ್ನೋಣ. ಸಂಜೆ ಕೆಲಸವನ್ನು ಮನಸ್ಸಿನಿಂದ ಇಳಿಸಲು ಆಗುವವರು ಮರುದಿನ ಹೆಚ್ಚು ಚೇತರಿಸಿಕೊಂಡು ಬರುತ್ತಾರೆ. ಕಷ್ಟ ಏನೆಂದರೆ, ಯಾರಿಗೆ ಒತ್ತಡ ಹೆಚ್ಚೋ ಅವರಿಗೇ ಇದು ಅತಿ ಕಷ್ಟ. ‘ಯೋಚಿಸಬೇಡ’ ಎಂದು ಮನಸ್ಸಿಗೆ ಹೇಳಿದರೆ ಅದು ಕೇಳುವುದಿಲ್ಲ.

ಆದರೆ ಒಂದು ಉಪಾಯ ನಡೆಯುತ್ತದೆ. ಅರ್ಧಕ್ಕೆ ನಿಂತ ಕೆಲಸ ತಲೆಯಲ್ಲಿ ಸುಳಿಯುತ್ತಲೇ ಇರುತ್ತದೆ, ಆದರೆ ಅದನ್ನು ಮುಂದೆ ಯಾವಾಗ, ಹೇಗೆ ಮಾಡುವುದೆಂದು ಖಚಿತವಾಗಿ ಯೋಜಿಸಿದರೆ ಆ ಕಾಟ ತಗ್ಗುತ್ತದೆ ಎಂದು ಮಾಸಿಕಾಂಪೊ ಮತ್ತು ಬೌಮೈಸ್ಟರ್ ಎಂಬ ಮನಶ್ಶಾಸ್ತ್ರಜ್ಞರು 2011ರಲ್ಲಿ ಪ್ರಯೋಗಗಳಿಂದ ತೋರಿಸಿದರು. ಕೆಲಸ ಮುಗಿಯಲೇಬೇಕೆಂದಿಲ್ಲ, ಯೋಜನೆ ಇದ್ದರೆ ಸಾಕು. ಹಾಗಾಗಿ ದಿನದ ಕೊನೆಯ ಹದಿನೈದು ನಿಮಿಷವನ್ನು ಇದಕ್ಕೇ ಇಡಿ. ಮುಗಿಯದೆ ಉಳಿದ ಪ್ರತಿಯೊಂದನ್ನೂ ಬರೆಯಿರಿ, ಪಕ್ಕದಲ್ಲಿ ಅದರ ಮುಂದಿನ ಹೆಜ್ಜೆ ಮತ್ತು ಸಮಯ. ‘ರಿಪೋರ್ಟ್ ಮುಗಿಸಬೇಕು’ ಎಂದು ಬರೆದರೆ ಪ್ರಯೋಜನವಿಲ್ಲ. ‘ನಾಳೆ ಹತ್ತಕ್ಕೆ, ರಿಪೋರ್ಟಿನ ಮೂರನೇ ಭಾಗದ ಅಂಕಿಗಳನ್ನು ತಾಳೆ ನೋಡುವುದು’ ಎಂದು ಬರೆಯಿರಿ. ಆಮೇಲೆ ಲ್ಯಾಪ್‌ಟಾಪ್ ಮುಚ್ಚಿ. ಮನೆಯಿಂದಲೇ ಕೆಲಸ ಮಾಡುವವರಾದರೆ ಅದನ್ನು ಕಣ್ಣಿಗೆ ಬೀಳದ ಕಡೆ ಇಟ್ಟುಬಿಡಿ. ಊಟದ ಮೇಜಿನ ಮೇಲೇ ಉಳಿದರೆ ಕೆಲಸವೂ ಅಲ್ಲೇ ಉಳಿಯುತ್ತದೆ.

ನೋಟಿಫಿಕೇಶನ್ ಆಫ್ ಮಾಡುವ ಮುನ್ನ ಟೀಮಿಗೆ ತಿಳಿಸಿ. ಇದ್ದಕ್ಕಿದ್ದಂತೆ ಒಂದು ದಿನ ಉತ್ತರ ನಿಲ್ಲಿಸಿದರೆ ಅದು ಅಸಡ್ಡೆಯಾಗಿ ಕಾಣುತ್ತದೆ, ಮಾರನೇ ದಿನವೇ ನೀವು ಹಳೆಯ ರೂಢಿಗೆ ಮರಳಬೇಕಾಗುತ್ತದೆ. ‘ಎಂಟರ ನಂತರ ನಾನು ಚಾಟ್ ನೋಡುವುದಿಲ್ಲ, ತುರ್ತಾಗಿದ್ದರೆ ಫೋನ್ ಮಾಡಿ, ಎತ್ತುತ್ತೇನೆ’ ಎಂಬ ಒಂದು ಸಾಲು ಸಾಕು. ಮೆಸೇಜು ಕಳಿಸುವಷ್ಟು ಸಲೀಸಾಗಿ ಯಾರೂ ಫೋನ್ ಮಾಡುವುದಿಲ್ಲ. ತುರ್ತಲ್ಲದ್ದು ಅಲ್ಲೇ ಸೋಸಿಹೋಗುತ್ತದೆ.

ಉಳಿದ ಸಮಯದಲ್ಲಿ ಏನು ಮಾಡಬೇಕು? ಸೊನೆನ್‌ಟಾಗ್ ಮತ್ತು ಶಾರ್ಲೆಟ್ ಫ್ರಿಟ್ಜ್ 2007ರಲ್ಲಿ ಚೇತರಿಕೆಯ ನಾಲ್ಕು ಅನುಭವಗಳನ್ನು ಗುರುತಿಸಿದರು: ಮಾನಸಿಕ ಬಿಡುಗಡೆ, ವಿಶ್ರಾಂತಿ, ಹೊಸದೊಂದನ್ನು ಕಲಿತು ಕೈವಶ ಮಾಡಿಕೊಳ್ಳುವುದು, ತನ್ನ ಸಮಯದ ಮೇಲೆ ತನಗೇ ಹಿಡಿತ. ಮೂರನೆಯದನ್ನು ಗಮನಿಸಿ. ದಣಿದವರು ಸುಮ್ಮನೆ ಮಲಗಿರಬೇಕು ಎಂದೇ ಎಲ್ಲರೂ ತಿಳಿಯುತ್ತಾರೆ. ಆದರೆ ವಾದ್ಯವೊಂದನ್ನು ಕಲಿಯುವುದು, ಈಜು, ಒಂದು ಭಾಷೆ, ಹೀಗೆ ಕೆಲಸಕ್ಕೆ ಸಂಬಂಧವಿಲ್ಲದ, ತುಸು ಕಷ್ಟದ ಸಂಗತಿಯೂ ದಣಿವು ಕಳೆಯುತ್ತದೆ. ಗಂಟೆಗಟ್ಟಲೆ ಫೋನ್ ಸ್ಕ್ರೋಲ್ ಮಾಡಿದಾಗ ಈ ನಾಲ್ಕರಲ್ಲಿ ನಿಮಗೆ ಯಾವುದು ಸಿಗುತ್ತದೆ ಎಂದು ನೀವೇ ಕೇಳಿಕೊಳ್ಳಿ. ನಿದ್ದೆಯ ವಿಷಯದಲ್ಲಿ ಚೌಕಾಸಿ ಬೇಡ: ವಯಸ್ಕರಿಗೆ ರಾತ್ರಿಗೆ ಕನಿಷ್ಠ ಏಳು ಗಂಟೆ ಬೇಕೆಂದು ನಿದ್ರಾ ತಜ್ಞರ ಶಿಫಾರಸಿದೆ.

ಪಾಳಿಯಲ್ಲಿ ದುಡಿಯುವವರಿಗೆ ‘ಎಂಟರ ನಂತರ’ ಎಂಬ ಮಾತಿಗೆ ಅರ್ಥವಿಲ್ಲ. ನೀವು ಗಡಿಯನ್ನು ಗಡಿಯಾರಕ್ಕೆ ಕಟ್ಟದೆ ಪಾಳಿ ಮುಗಿದ ಕ್ಷಣಕ್ಕೆ ಕಟ್ಟಿ, ಪಾಳಿ ಪಟ್ಟಿ ಆದಷ್ಟು ಮುಂಚೆ ಕೈಗೆ ಸಿಗುವಂತೆ ಕೇಳಿ. ಮುಂದಿನ ವಾರ ಯಾವ ಪಾಳಿ ಎಂದು ತಿಳಿಯದಿರುವುದು ಎಷ್ಟೋ ಸಲ ರಾತ್ರಿ ಪಾಳಿಗಿಂತ ಹೆಚ್ಚು ಕಾಡುತ್ತದೆ.

ಹಂತ 4: ಮ್ಯಾನೇಜರ್ ಜೊತೆ ಮಾತನಾಡಿ

ಎಲ್ಲರೂ ಹಿಂಜರಿಯುವ ಹಂತ ಇದು, ಫಲ ಕೊಡುವುದೂ ಇದೇ. ಸ್ವಂತ ಶಿಸ್ತಿನಿಂದ ಎಷ್ಟು ಮಾಡಿದರೂ ಹೊರೆಯೇ ಜಾಸ್ತಿ ಇದ್ದರೆ ಯಾರೋ ಒಬ್ಬರು ಅದನ್ನು ಇಳಿಸಬೇಕು, ಆ ಅಧಿಕಾರ ನಿಮ್ಮ ಕೈಯಲ್ಲಿಲ್ಲ.

ಮೊದಲು ಕೇಳಬೇಕಾದದ್ದನ್ನು ಒಂದಕ್ಕೆ ಇಳಿಸಿ. ಐದು ದೂರುಗಳನ್ನು ಒಟ್ಟಿಗೆ ಇಟ್ಟರೆ ಐದಕ್ಕೂ ‘ನೋಡೋಣ’ ಎಂಬ ಉತ್ತರ ಸಿಗುತ್ತದೆ. ನಿಮ್ಮ ಎರಡು ವಾರದ ಲೆಕ್ಕದಲ್ಲಿ ಅತಿ ಹೆಚ್ಚು ಸಮಯ ತಿಂದು, ಅತಿ ಕಡಿಮೆ ಫಲ ಕೊಟ್ಟದ್ದು ಯಾವುದೋ ಅದನ್ನು ಆರಿಸಿ. ಅದಕ್ಕೆ ಬದಲಿಯಾಗಿ ಏನು ಮಾಡಬಹುದೆಂದು ನೀವೇ ಯೋಚಿಸಿ. ಮಾತು ಹೀಗಿರಬಹುದು:

‘ಸರ್, ಕಳೆದ ಎರಡು ವಾರದಲ್ಲಿ ಸ್ಟೇಟಸ್ ಮೀಟಿಂಗ್‌ಗಳಿಗೆ ಹನ್ನೊಂದು ಗಂಟೆ ಹೋಗಿದೆ, ಡಿಸೈನ್ ಕೆಲಸವನ್ನು ನಾನು ರಾತ್ರಿ ಮಾಡುವ ಹಾಗಾಗಿದೆ. ದಿನಾ ಬರುವ ಬದಲು ವಾರಕ್ಕೆ ಎರಡು ಸಲ ಬಂದು, ಉಳಿದ ದಿನ ಬರಹದಲ್ಲಿ ಅಪ್‌ಡೇಟ್ ಕಳಿಸಿದರೆ ಆಗುತ್ತದಾ? ಒಂದು ತಿಂಗಳು ನೋಡೋಣ, ತೊಂದರೆ ಅನ್ನಿಸಿದರೆ ಮೊದಲಿನ ಹಾಗೇ ಮಾಡೋಣ.’

ಇದರಲ್ಲಿ ದೂರಿಲ್ಲ, ಅಂಕಿಯಿದೆ. ಬೇಡಿಕೆಯ ಜೊತೆಗೆ ಬದಲಿ ವ್ಯವಸ್ಥೆಯಿದೆ. ಪ್ರಯೋಗದ ಅವಧಿ ಇರುವುದರಿಂದ ‘ಹೂಂ’ ಎನ್ನುವುದು ಅವರಿಗೂ ಸುಲಭ. ‘ನನಗೆ ವರ್ಕ್-ಲೈಫ್ ಬ್ಯಾಲೆನ್ಸ್ ಇಲ್ಲ’ ಎಂದು ಶುರು ಮಾಡಬೇಡಿ. ಆ ಮಾತು ಕೇಳಿದ ಕೂಡಲೇ ಅನೇಕ ಮ್ಯಾನೇಜರುಗಳು ಅದನ್ನು ಆಸಕ್ತಿ ಕಡಿಮೆಯಾದ ಲಕ್ಷಣ ಎಂದೇ ಓದುತ್ತಾರೆ. ಅದು ಅನ್ಯಾಯ, ಆದರೆ ನಡೆಯುವುದು ಹಾಗೆ.

ಹೊಸದಾಗಿ ಸೇರಿದವರಿಗೆ ‘ಆಗಲ್ಲ’ ಎನ್ನುವ ಸ್ವಾತಂತ್ರ್ಯ ಕಡಿಮೆ. ಅವರ ಕೈಗೆ ಸಿಗುವ ಒಳ್ಳೆಯ ಸಾಧನ ಒಂದು ಪ್ರಶ್ನೆ. ಕೈಯಲ್ಲಿ ಎರಡು ಕೆಲಸವಿರುವಾಗ ಮೂರನೆಯದು ಬಂದರೆ ಹೀಗೆ ಕೇಳಿ: ‘ಖಂಡಿತ ಮಾಡುತ್ತೇನೆ ಮೇಡಂ. ಈಗ ಈ ಎರಡು ಕೈಯಲ್ಲಿವೆ, ಎರಡಕ್ಕೂ ಶುಕ್ರವಾರವೇ ಗಡುವು. ಮೂರರಲ್ಲಿ ಯಾವುದನ್ನು ಮೊದಲು ಮಾಡಲಿ, ಯಾವುದನ್ನು ಮುಂದಕ್ಕೆ ಹಾಕಲಿ?’ ಕೆಲಸವನ್ನು ನೀವು ನಿರಾಕರಿಸಲಿಲ್ಲ. ದಿನದಲ್ಲಿ ಇರುವ ಗಂಟೆ ಇಷ್ಟೇ ಎಂಬುದನ್ನು ಅವರ ಮುಂದಿಟ್ಟು, ತೀರ್ಮಾನದ ಭಾರವನ್ನು ಅದು ಇರಬೇಕಾದ ಕಡೆಗೆ ಕಳಿಸಿದಿರಿ. ‘ಮೂರೂ ಬೇಕು’ ಎಂಬ ಉತ್ತರ ಬಂದರೆ, ‘ಮೂರೂ ಶುಕ್ರವಾರಕ್ಕೆ ಬೇಕಾದರೆ ಯಾರಾದರೂ ಕೈಜೋಡಿಸಬೇಕಾಗುತ್ತದೆ. ಇಲ್ಲದಿದ್ದರೆ ಮೂರನೆಯದು ಸೋಮವಾರ ಸಿಗುತ್ತದೆ’ ಎಂದು ಸಮಾಧಾನದಿಂದಲೇ ಹೇಳಿ. ಹೇಳಿದ ಮೇಲೆ ಸುಮ್ಮನಿರಿ. ಮೌನಕ್ಕೆ ಹೆದರಿ ‘ಪರವಾಗಿಲ್ಲ, ಹೇಗೋ ಮಾಡುತ್ತೇನೆ’ ಎಂದು ನೀವೇ ತುಂಬಿಬಿಡುವುದು ಇಲ್ಲಿನ ಅತಿ ದೊಡ್ಡ ಗುಂಡಿ.

ಇನ್ನು ಕೆಲವು ಎಚ್ಚರಗಳು. ಗಡುವಿನ ವಾರದಲ್ಲಿ ಈ ಮಾತು ಎತ್ತಬೇಡಿ. ಚಾಟ್‌ನಲ್ಲಿ ಬೇಡ, ಎದುರಿಗೋ ಕಾಲ್‌ನಲ್ಲೋ ಮಾತನಾಡಿ. ಪಕ್ಕದವರ ಜೊತೆ ಹೋಲಿಸಿದರೆ ಮಾತು ಅವರ ಮೇಲಿನ ದೂರಾಗಿ ತಿರುಗುತ್ತದೆ. ನಿಜವಾಗಿ ಬಿಡುವ ಸಿದ್ಧತೆ ಇಲ್ಲದೆ ರಾಜೀನಾಮೆಯ ಮಾತು ಆಡಬೇಡಿ, ಆ ಬೆದರಿಕೆ ಒಂದೇ ಸಲ ನಡೆಯುವುದು. ಮಾತು ಮುಗಿದ ದಿನವೇ ‘ನಾವು ಮಾತನಾಡಿದಂತೆ...’ ಎಂದು ನಾಲ್ಕು ಸಾಲಿನ ಇಮೇಲ್ ಕಳಿಸಿ. ಒಪ್ಪಿದ್ದನ್ನು ಮರೆಯುವುದು ಮನುಷ್ಯ ಸಹಜ, ಮ್ಯಾನೇಜರ್ ಬದಲಾಗುವುದೂ ಉಂಟು.

ನಿಮ್ಮ ದೇಶದ ಕಾನೂನು ಏನು ಹೇಳುತ್ತದೆ ಎಂಬುದನ್ನೂ ತಿಳಿದಿರಿ. ಕೆಲಸದ ಅವಧಿ ಮುಗಿದ ಮೇಲೆ ಆಫೀಸಿನ ಸಂಪರ್ಕದಿಂದ ದೂರವಿರುವ ಹಕ್ಕನ್ನು ಫ್ರಾನ್ಸ್ 2017ರ ಜನವರಿಯಿಂದ ಜಾರಿಗೆ ತಂದಿತು. ಅಲ್ಲಿ 50 ಅಥವಾ ಹೆಚ್ಚು ಉದ್ಯೋಗಿಗಳಿರುವ ಸಂಸ್ಥೆಗಳು ಈ ಬಗ್ಗೆ ಮಾತುಕತೆ ನಡೆಸಬೇಕು. ಪೋರ್ಚುಗಲ್ 2021ರಲ್ಲಿ ಕಾನೂನು ತಂದಿತು. ಆಸ್ಟ್ರೇಲಿಯಾದಲ್ಲಿ 2024ರ ಆಗಸ್ಟ್‌ನಿಂದ, ಹಾಗೆ ನಿರಾಕರಿಸುವುದು ಅಸಮಂಜಸವಲ್ಲದಿದ್ದರೆ, ಉದ್ಯೋಗಿ ಕೆಲಸದ ಅವಧಿಯ ನಂತರ ಬರುವ ಕರೆಗೆ ಉತ್ತರಿಸದೆ ಇರಬಹುದು. ಎಲ್ಲ ಕಡೆ ಇಂಥ ಕಾನೂನಿಲ್ಲ. ಆದರೆ ಕೆಲಸದ ಗಂಟೆಗಳಿಗೆ ಮಿತಿ ಹಾಕುವ, ವಾರದ ರಜೆ ಕೊಡಿಸುವ ನಿಯಮ ಬಹುತೇಕ ದೇಶಗಳಲ್ಲಿದೆ. ಕಾನೂನನ್ನು ಮೊದಲ ಮಾತಿನಲ್ಲೇ ಎತ್ತಬೇಡಿ. ಗೊತ್ತಿದ್ದರೆ ನಿಮ್ಮ ದನಿಯೇ ಗಟ್ಟಿಯಾಗಿರುತ್ತದೆ.

ಹಂತ 5: ಬೇಸರದ ಮೂಲ ಹುಡುಕಿ

ಈಗ ಬೇಸರದವರ ಸರದಿ. ‘ನನಗೆ ಈ ಕೆಲಸ ಇಷ್ಟವಿಲ್ಲ’ ಎಂಬುದು ತೀರಾ ದೊಡ್ಡ ಮಾತು, ಅದನ್ನು ಒಡೆಯಬೇಕು. 1970ರ ದಶಕದಲ್ಲಿ ಹ್ಯಾಕ್‌ಮನ್ ಮತ್ತು ಓಲ್ಡ್‌ಹ್ಯಾಮ್ ಎಂಬ ಸಂಶೋಧಕರು ಕೆಲಸಕ್ಕೆ ಅರ್ಥ ಕೊಡುವ ಐದು ಗುಣಗಳನ್ನು ಪಟ್ಟಿ ಮಾಡಿದರು. ಅವನ್ನು ಪ್ರಶ್ನೆಗಳಾಗಿ ಮಾಡಿದ್ದೇನೆ, ಪ್ರತಿಯೊಂದಕ್ಕೂ ಐದರಲ್ಲಿ ಅಂಕ ಕೊಡಿ:

ನನ್ನ ಬೇರೆ ಬೇರೆ ಕೌಶಲಗಳಿಗೆ ಇಲ್ಲಿ ಕೆಲಸವಿದೆಯೇ? 
ಒಂದು ಕೆಲಸವನ್ನು ಆದಿಯಿಂದ ಅಂತ್ಯದವರೆಗೆ ನಾನು ಕಾಣುತ್ತೇನೆಯೇ, ಇಲ್ಲ ಚೂರು ಮಾತ್ರ ಸಿಗುತ್ತದೆಯೇ? 
ಇದರಿಂದ ಯಾರಿಗಾದರೂ ಉಪಯೋಗವಾಗುವುದು ನನಗೆ ಗೊತ್ತಾಗುತ್ತದೆಯೇ? 
ಹೇಗೆ ಮಾಡಬೇಕೆಂಬ ತೀರ್ಮಾನ ನನ್ನದೇ? 
ಚೆನ್ನಾಗಿ ಮಾಡಿದೆನೋ ಇಲ್ಲವೋ ಎಂದು ನನಗೆ ತಿಳಿಯುತ್ತದೆಯೇ?

ಕಿರಿಯರ ಅಂಕಪಟ್ಟಿಯಲ್ಲಿ ಎರಡನೆಯದೂ ಐದನೆಯದೂ ಹೆಚ್ಚಾಗಿ ಕೆಳಗಿರುತ್ತವೆ ಎಂಬುದು ನನ್ನ ಗಮನಕ್ಕೆ ಬಂದದ್ದು. ದೊಡ್ಡ ಕೆಲಸದ ಒಂದು ತುಣುಕನ್ನು ಕೊಟ್ಟಿರುತ್ತಾರೆ. ಮುಗಿಸಿ ಕೊಟ್ಟ ಮೇಲೆ ಅದು ಏನಾಯಿತೆಂದು ಯಾರೂ ಹೇಳುವುದಿಲ್ಲ. ವರ್ಷಕ್ಕೊಮ್ಮೆ ರಿವ್ಯೂನಲ್ಲಿ ಒಂದು ಅಂಕಿ ಬರುತ್ತದೆ, ಅದಕ್ಕೂ ಮಾಡಿದ ಕೆಲಸಕ್ಕೂ ಇರುವ ಸಂಬಂಧ ತಿಳಿಯುವುದಿಲ್ಲ. ಇದರಿಂದ ಬೇಸರ ಬರದಿದ್ದರೇ ಆಶ್ಚರ್ಯ.

ಒಳ್ಳೆಯ ಸುದ್ದಿ ಎಂದರೆ ಈ ಎರಡೂ ಕೇಳಿದರೆ ಸಿಗಬಹುದಾದವು. ‘ನಾನು ಮಾಡಿದ ಭಾಗ ಗ್ರಾಹಕರ ಕೈಗೆ ಹೋಗುವಾಗ ಆ ಮೀಟಿಂಗಿನಲ್ಲಿ ಸುಮ್ಮನೆ ಕುಳಿತು ಕೇಳಲೇ?’ ಎಂದರೆ ಬೇಡ ಎನ್ನುವವರು ವಿರಳ. ‘ನನ್ನ ಕೆಲಸ ಹೇಗಿತ್ತು?’ ಎಂದು ಕೇಳಿದರೆ ‘ಚೆನ್ನಾಗಿತ್ತು’ ಎಂಬಲ್ಲಿಗೆ ಮುಗಿಯುತ್ತದೆ. ‘ಇದನ್ನು ಇನ್ನೊಮ್ಮೆ ಮಾಡುವಾಗ ಯಾವ ಒಂದನ್ನು ಬದಲಾಯಿಸಲಿ?’ ಎಂದು ಕೇಳಿ, ಉತ್ತರ ಸಿಗುತ್ತದೆ.

ಇರುವ ಕೆಲಸವನ್ನೇ ತನಗೆ ಹೊಂದುವಂತೆ ತಿದ್ದಿಕೊಳ್ಳುವುದಕ್ಕೆ ಜಾಬ್ ಕ್ರಾಫ್ಟಿಂಗ್ ಎನ್ನುತ್ತಾರೆ. ರೆಸ್ನೆಸ್ಕಿ ಮತ್ತು ಡಟನ್ ಎಂಬ ಸಂಶೋಧಕಿಯರು 2001ರಲ್ಲಿ ಈ ವಿಚಾರ ಮಂಡಿಸುವಾಗ ಆಸ್ಪತ್ರೆಯ ಸ್ವಚ್ಛತಾ ಸಿಬ್ಬಂದಿಯ ಉದಾಹರಣೆ ಕೊಟ್ಟರು. ಒಂದೇ ಹುದ್ದೆಯಲ್ಲಿದ್ದರೂ ಕೆಲವರು ನೆಲ ಒರೆಸುವುದಷ್ಟೇ ತಮ್ಮ ಕೆಲಸ ಎಂದುಕೊಂಡಿದ್ದರು. ಇನ್ನು ಕೆಲವರು ರೋಗಿಗಳ ಜೊತೆ ಮಾತನಾಡುತ್ತಾ, ಅವರ ಮನೆಯವರಿಗೆ ದಾರಿ ತೋರಿಸುತ್ತಾ, ತಾವೂ ಆರೈಕೆಯ ಭಾಗ ಎಂದು ಕಂಡುಕೊಂಡಿದ್ದರು. ನೀವು ಬದಲಿಸಬಹುದಾದದ್ದು ಮೂರು: ಮಾಡುವ ಕೆಲಸಗಳ ಪ್ರಮಾಣ, ಯಾರ ಜೊತೆ ಒಡನಾಟ ಎಂಬುದು, ಕೆಲಸವನ್ನು ನೋಡುವ ಬಗೆ. ಮೂರನೆಯದೊಂದನ್ನೇ ಹಿಡಿದು ಉಪದೇಶ ಮಾಡುವವರನ್ನು ನಂಬಬೇಡಿ. ನೋಟ ಬದಲಾದರೆ ಸಾಕೆಂದರೆ ಕೆಟ್ಟ ಕೆಲಸವನ್ನು ಸಹಿಸು ಎಂದಷ್ಟೇ ಅರ್ಥ.

ಇಲ್ಲಿನ ಅಪಾಯ: ಇಷ್ಟದ ಕೆಲಸವೆಂದು ಹೊಸದನ್ನು ತಲೆಯ ಮೇಲೆ ಹಾಕಿಕೊಂಡು, ಹಳೆಯದನ್ನೂ ಬಿಡದೆ ದಣಿಯುವುದು. ಒಂದನ್ನು ತೆಗೆದುಕೊಳ್ಳುವಾಗ ಒಂದನ್ನು ಕೊಡುವ ಮಾತೂ ಆಗಲಿ.

ಮತ್ತೊಂದು ಮಾತು. ‘ನಿನ್ನ ಪ್ಯಾಶನ್ ಯಾವುದೋ ಅದನ್ನೇ ಮಾಡು’ ಎಂಬ ಸಲಹೆ ಕೇಳಿ ಕೇಳಿ, ಪ್ಯಾಶನ್ ಯಾವುದೆಂದೇ ತಿಳಿಯದ ಎಷ್ಟೋ ಹುಡುಗ ಹುಡುಗಿಯರು ಅಳುಕಿಗೆ ಬಿದ್ದಿದ್ದಾರೆ. ಡೆಸಿ ಮತ್ತು ರಯಾನ್ ಎಂಬ ಮನಶ್ಶಾಸ್ತ್ರಜ್ಞರು ಮನುಷ್ಯನ ಒಳಗಿನ ಹುರುಪಿಗೆ ಮೂರು ಬೇಕು ಎನ್ನುತ್ತಾರೆ: ಸ್ವಾಯತ್ತತೆ, ಸಾಮರ್ಥ್ಯದ ಭಾವ, ಇತರರೊಂದಿಗೆ ನಂಟು. ಇವುಗಳಲ್ಲಿ ಎರಡನೆಯದು ಕೈ ಪಳಗಿದ ಮೇಲೆ ಬರುವಂಥದು. ಮೊದಲ ಆರು ತಿಂಗಳ ಬೇಸರ ಎಷ್ಟೋ ಸಲ ಕೆಲಸ ಇನ್ನೂ ಕೈಗೆ ಹತ್ತಿಲ್ಲ ಎಂಬುದರ ಸೂಚನೆ ಮಾತ್ರ. ಅಷ್ಟರಲ್ಲೇ ತೀರ್ಪು ಕೊಡಬೇಡಿ.

ಹಂತ 6: ಇರಬೇಕೋ, ಹೋಗಬೇಕೋ

ಹಂತ 3ರಿಂದ 5ರವರೆಗೆ ಶುರು ಮಾಡಿದ ದಿನ ಕ್ಯಾಲೆಂಡರಿನಲ್ಲಿ ಮೂರು ತಿಂಗಳ ನಂತರದ ಒಂದು ದಿನಾಂಕ ಗುರುತಿಸಿ. ಅಂದು ಏನಾಗಿದ್ದರೆ ಉಳಿಯುತ್ತೀರಿ, ಏನಾಗದಿದ್ದರೆ ಹೊರಡುತ್ತೀರಿ ಎಂದು ಇಂದೇ ಬರೆಯಿರಿ. ‘ವಾರದ ಗಂಟೆ 48ಕ್ಕಿಂತ ಕೆಳಗೆ ಬಂದಿರಬೇಕು’, ‘ಒಂದು ಕೆಲಸವಾದರೂ ಪೂರ್ತಿ ನನ್ನ ಹೊಣೆಗೆ ಬಂದಿರಬೇಕು’ ಎಂಬಂತೆ, ಹೌದು ಇಲ್ಲ ಎಂದು ಹೇಳಬಹುದಾದ ಷರತ್ತುಗಳಿರಲಿ. ಮೊದಲೇ ಬರೆಯದಿದ್ದರೆ ಒಂದು ಒಳ್ಳೆಯ ವಾರ ನಿಮ್ಮನ್ನು ಉಳಿಸುತ್ತದೆ, ಒಂದು ಕೆಟ್ಟ ವಾರ ಹೊರಡಿಸುತ್ತದೆ. ಆ ದಿನಾಂಕಕ್ಕೆ ಮುಂಚಿನ ಎರಡು ವಾರ ಮತ್ತೆ ಲೆಕ್ಕ ಬರೆದು, ಹಳೆಯದರ ಪಕ್ಕದಲ್ಲಿಟ್ಟು ನೋಡಿ.

ಕೆಲವಕ್ಕೆ ಮೂರು ತಿಂಗಳು ಕಾಯಬಾರದು. ಕಿರುಕುಳ, ಲೈಂಗಿಕ ದೌರ್ಜನ್ಯ, ಸಂಬಳ ಕೊಡದಿರುವುದು, ಕಾನೂನುಬಾಹಿರ ಕೆಲಸ ಮಾಡಿಸುವುದು, ಜೀವಕ್ಕೆ ಅಪಾಯವಿರುವ ಪರಿಸ್ಥಿತಿ ಇದ್ದರೆ ಸಮತೋಲನದ ಮಾತೇ ಅಲ್ಲ. ದಿನಾಂಕ ಹಾಕಿ ದಾಖಲೆ ಇಟ್ಟುಕೊಳ್ಳಿ, ಸಂಸ್ಥೆಯ ದೂರು ವ್ಯವಸ್ಥೆಗೂ ಅಗತ್ಯವಿದ್ದರೆ ಹೊರಗಿನ ಪ್ರಾಧಿಕಾರಕ್ಕೂ ಹೋಗಿ.

ಬಿಡುವುದೆಂದು ತೀರ್ಮಾನವಾದರೆ, ಸಾಧ್ಯವಿದ್ದಷ್ಟು ಮಟ್ಟಿಗೆ ಇನ್ನೊಂದು ಕೆಲಸ ಕೈಗೆ ಬಂದ ಮೇಲೆಯೇ ರಾಜೀನಾಮೆ ಕೊಡಿ. ಇಲ್ಲವಾದರೆ ಕೆಲವು ತಿಂಗಳ ಖರ್ಚಿಗೆ ಉಳಿತಾಯವಿರಲಿ. ತೀರಾ ದಣಿದಿರುವಾಗ ಹುಡುಕಿದರೆ ಮೊದಲು ಸಿಕ್ಕಿದ್ದನ್ನು ಒಪ್ಪಿಕೊಳ್ಳುತ್ತೀರಿ, ಅದು ಬಹುತೇಕ ಇದೇ ಥರದ್ದಾಗಿರುತ್ತದೆ. ಆದ್ದರಿಂದ ಬಾಕಿ ಇರುವ ರಜೆ ಬಳಸಿ ಒಂದು ವಾರ ನಿದ್ದೆ ಮಾಡಿ, ಆಮೇಲೆ ಅರ್ಜಿ ಹಾಕಿ. ಸಂಬಳದ ಏರಿಕೆಯೊಂದನ್ನೇ ನೋಡಿ ಹಾರಿದವರು ಬೇಸರವನ್ನು ಜೊತೆಗೇ ಒಯ್ಯುತ್ತಾರೆ. ದಣಿವಿಗೆ ಕೆಲಸ ಬಿಡುತ್ತಿರುವವರು ಹೊಸ ಕಡೆ ಗಂಟೆಗಳ ಬಗ್ಗೆ ವಿಚಾರಿಸಬೇಕು. ಬೇಸರಕ್ಕೆ ಬಿಡುತ್ತಿರುವವರು ಐದು ಪ್ರಶ್ನೆಗಳಲ್ಲಿ ತಮಗೆ ಕಡಿಮೆ ಅಂಕ ಬಂದಿದ್ದರ ಬಗ್ಗೆ.

ಸಂದರ್ಶನದಲ್ಲಿ ‘ಇಲ್ಲಿ ವರ್ಕ್-ಲೈಫ್ ಬ್ಯಾಲೆನ್ಸ್ ಹೇಗಿದೆ?’ ಎಂದು ಕೇಳಿದರೆ ಎಲ್ಲ ಕಡೆಯೂ ‘ಚೆನ್ನಾಗಿದೆ’ ಎಂದೇ ಹೇಳುತ್ತಾರೆ. ‘ಕಳೆದ ತಿಂಗಳು ಟೀಮು ತಡವಾಗಿ ಉಳಿದದ್ದು ಎಷ್ಟು ಸಲ, ಯಾಕೆ?’ ಎಂದು ಕೇಳಿ. ‘ನನಗಿಂತ ಮೊದಲು ಈ ಹುದ್ದೆಯಲ್ಲಿದ್ದವರು ಈಗ ಏನು ಮಾಡುತ್ತಿದ್ದಾರೆ?’ ‘ಸೇರಿದ ಆರು ತಿಂಗಳಿಗೆ ನನ್ನ ಕೈಯಲ್ಲಿ ಯಾವ ಹೊಣೆ ಇರುತ್ತದೆ?’ ಉತ್ತರ ಕೊಡುವವರು ತಡವರಿಸಿದರೆ ಅದೂ ಒಂದು ಉತ್ತರ.

ಹೊಸ ಕಡೆ ಸೇರಿದ ಮೇಲೆ ಮೊದಲ ತಿಂಗಳು ನೀವು ಹೇಗೆ ನಡೆದುಕೊಳ್ಳುತ್ತೀರೋ ಅದನ್ನೇ ಮುಂದೆ ನಿಮ್ಮಿಂದ ನಿರೀಕ್ಷಿಸುತ್ತಾರೆ. ಒಳ್ಳೆಯ ಹೆಸರು ತೆಗೆದುಕೊಳ್ಳುವ ಉತ್ಸಾಹದಲ್ಲಿ ಮಧ್ಯರಾತ್ರಿ ಇಮೇಲಿಗೆ ಉತ್ತರಿಸಲು ಶುರು ಮಾಡಿದರೆ ಮೂರನೇ ತಿಂಗಳು ಅದನ್ನು ನಿಲ್ಲಿಸುವುದು ಜಗಳದಂತೆ ಕಾಣುತ್ತದೆ. ರಾತ್ರಿ ಬರೆದದ್ದನ್ನು ಬೆಳಗ್ಗೆ ಹೋಗುವಂತೆ ಸಮಯ ನಿಗದಿ ಮಾಡಿ ಕಳಿಸಿ. ದಿನದ ಕೊನೆಯ ಹದಿನೈದು ನಿಮಿಷದ ಪಟ್ಟಿಯನ್ನು ಮೊದಲ ವಾರದಿಂದಲೇ ಬರೆಯಿರಿ, ಆರು ತಿಂಗಳಿಗೊಮ್ಮೆ ಎರಡು ವಾರದ ಲೆಕ್ಕವನ್ನೂ.